ಕುದುರೆಯ ಕಟಿಸಂಧಿಚ್ಯುತಿ: ನಿರ್ಣಯ ಮತ್ತು ಶಸ್ತ್ರಚಿಕಿತ್ಸೆಯ ಇತಿಹಾಸ

ವೈದ್ಯದ ಇತಿಹಾಸವನ್ನು ಬರೆಯುವವರು ಶೋಧನೆಗಳ ಅನುಕ್ರಮವನ್ನೇ ಇತಿಹಾಸವೆಂದು ಭಾವಿಸುವುದುಂಟು. ಅಂಗರಚನೆ ತಿಳಿಯಿತು, ಮೂರ್ಛೆ ತರುವ ಔಷಧ ದೊರೆಯಿತು, ಕ್ಷ-ಕಿರಣ ಬಂದಿತು, ಆದುದರಿಂದ ಚಿಕಿತ್ಸೆ ಸಾಧ್ಯವಾಯಿತು ಎಂಬ ರೀತಿಯಲ್ಲಿ ಕಥನವು ಮುಂದುವರಿಯುತ್ತದೆ. ಈ ಕಥನದಲ್ಲಿ ರೋಗಿಗೆ ಸ್ಥಾನವೇ ಇಲ್ಲ. ರೋಗಿಯನ್ನು ಉಳಿಸಬೇಕೆಂಬ ಇಚ್ಛೆ ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿತ್ತೆಂದು ನಾವು ಮಾತಿಲ್ಲದೆ ಒಪ್ಪಿಕೊಂಡುಬಿಡುತ್ತೇವೆ. ಮನುಷ್ಯವೈದ್ಯದ ವಿಷಯದಲ್ಲಿ ಈ ಭಾವನೆಯನ್ನು ಪರೀಕ್ಷಿಸುವುದು ಸುಲಭವಲ್ಲ. ಪಶುವೈದ್ಯದಲ್ಲಿಯಾದರೋ ರೋಗಿಯ ಬೆಲೆ ಬಹಿರಂಗವಾಗಿಯೇ ಗೊತ್ತಾಗುತ್ತಿತ್ತು. ಗುಣಪಡಿಸಬೇಕೋ ಕೊಲ್ಲಬೇಕೋ ಎಂಬ ಪ್ರಶ್ನೆ ಪ್ರತಿಯೊಂದು ಸಂದರ್ಭದಲ್ಲಿಯೂ ಮೊದಲೇ ಏಳುತ್ತಿತ್ತು. ಈ ಕಾರಣದಿಂದ ಒಂದು ಕಿರಿದಾದ ವಿಷಯವನ್ನು, ಎಂದರೆ ಕುದುರೆಯ ಸೊಂಟದ ಕೀಲು ತಪ್ಪುವುದನ್ನು ಗುರುತಿಸಿ ಶಸ್ತ್ರದಿಂದ ಸರಿಪಡಿಸುವ ಪ್ರಯತ್ನದ ಇತಿಹಾಸವನ್ನು, ಇಲ್ಲಿ ಪರಿಶೀಲನೆಗೆ ತೆಗೆದುಕೊಂಡಿದೆ.

ಮೊದಲು ಆ ಕೀಲಿನ ರಚನೆಯನ್ನು ತಿಳಿಯುವುದು ಅವಶ್ಯ. ತೊಡೆಮೂಳೆಯ ಮೇಲ್ತುದಿಯ ಗುಂಡು ಸೊಂಟದ ಮೂಳೆಯಲ್ಲಿರುವ ಬಟ್ಟಲಿನಲ್ಲಿ ಕುಳಿತಿರುತ್ತದೆ. ಬಟ್ಟಲಿನ ತಳದಿಂದ ಗುಂಡಿಗೆ ಒಂದು ಗಿಡ್ಡನೆಯ ಬಂಧಕವುಂಟು. ಇದು ಮನುಷ್ಯನಲ್ಲಿಯೂ ನಾಯಿಯಲ್ಲಿಯೂ ದನದಲ್ಲಿಯೂ ಇದೆ. ಕುದುರೆ, ಕತ್ತೆಗಳ ಜಾತಿಯಲ್ಲಿ ಮಾತ್ರ ಎರಡನೆಯದೊಂದು ಬಂಧಕವಿದೆ. ಹೊಟ್ಟೆಯ ಸ್ನಾಯುಗಳು ಸೊಂಟದ ಮುಂಭಾಗದ ಮೂಳೆಯನ್ನು ಹಿಡಿದಿರುವ ಸ್ಥಳದಿಂದ ಅದು ಹೊರಟು, ಬಟ್ಟಲಿನ ಅಂಚಿನಲ್ಲಿರುವ ಸೀಳಿನ ಮೂಲಕ ಒಳಹೊಕ್ಕು, ಗುಂಡನ್ನು ಸೇರುತ್ತದೆ. 19ನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಶೋವೋ ತನ್ನ ಸಾಕುಪ್ರಾಣಿಗಳ ಅಂಗರಚನಾಶಾಸ್ತ್ರದಲ್ಲಿ ಈ ಬಂಧಕವನ್ನು ಒಂಟಿಗೊರಸಿನ ಪ್ರಾಣಿಗಳ ವಿಶೇಷವೆಂದು ವಿವರಿಸಿದ್ದಾನೆ. ಹಸುವು ಪಕ್ಕಕ್ಕೆ ಒದೆಯುತ್ತದೆ, ಕುದುರೆಯು ಹಿಂದಕ್ಕೆ ಒದೆಯುತ್ತದೆ ಎಂಬುದು ನಮ್ಮ ಹಳ್ಳಿಯ ಹುಡುಗರಿಗೂ ಗೊತ್ತಿರುವ ಸಂಗತಿ. ಕುದುರೆಯ ಹಿಂಗಾಲು ಪಕ್ಕಕ್ಕೆ ಹೆಚ್ಚಾಗಿ ಚಾಚದಂತೆ ತಡೆಯುವುದರಲ್ಲಿ ಈ ಎರಡನೆಯ ಬಂಧಕದ ಪಾತ್ರ ದೊಡ್ಡದೆಂದು ಅಂಗರಚನಾಶಾಸ್ತ್ರಜ್ಞರು ಹೇಳುತ್ತಾರೆ.

ಇದರಿಂದ ಎರಡು ಪರಿಣಾಮಗಳುಂಟಾಗಿವೆ. ಮೊದಲನೆಯದಾಗಿ, ಬೆಳೆದ ಕುದುರೆಯಲ್ಲಿ ಈ ಕೀಲು ತಪ್ಪುವುದು ಬಹಳ ಅಪೂರ್ವ. ಎರಡು ಬಂಧಕಗಳನ್ನೂ ಹರಿಯುವಷ್ಟು ಬಲವಾದ ಪೆಟ್ಟು ಬಿದ್ದರೆ ಅನೇಕ ವೇಳೆ ಮೂಳೆಯೇ ಮುರಿಯುತ್ತದೆ. ತಟ್ಟುಗಳಲ್ಲಿಯೂ ಮರಿಗಳಲ್ಲಿಯೂ ಈ ಅಪಘಾತವು ಅದಕ್ಕಿಂತ ಹೆಚ್ಚಾಗಿ ಕಾಣಬರುತ್ತದೆ. ಎರಡನೆಯದಾಗಿ, ಒಮ್ಮೆ ಕೀಲು ತಪ್ಪಿತೆಂದರೆ ಒಳಗಿನ ಹಾನಿ ಅಷ್ಟೇ ಹೆಚ್ಚಾಗಿರುತ್ತದೆ. ಹಿಂದಕ್ಕೆ ಕೂರಿಸಿದರೂ ಗುಂಡು ನಿಲ್ಲುವುದಿಲ್ಲ. ದನಗಳ ವಿಷಯ ಬೇರೆ. ಎತ್ತುಗಳು ಬಡಕಲಾಗಿರುವ ಚಳಿಗಾಲದ ಕೊನೆಯಲ್ಲಿ ಅವುಗಳ ಕೀಲು ಸುಲಭವಾಗಿ ತಪ್ಪುತ್ತದೆಂದು ಗ್ರೀಕರ ಹಿಪ್ಪೊಕ್ರಾಟೀಸನ ಹೆಸರಿನಲ್ಲಿರುವ ಸಂಧಿಗಳ ಗ್ರಂಥದಲ್ಲಿಯೇ ಹೇಳಿದೆ. ದನದಲ್ಲಿ ಕಂಡುದನ್ನು ಕುದುರೆಗೂ ಅನ್ವಯಿಸುವುದು ಸಹಜವಾದ ತಪ್ಪು. ಆ ತಪ್ಪು ಹಲವು ಶತಮಾನಗಳ ಕಾಲ ನಡೆದುಬಂದಿತು.

ಪ್ರಾಚೀನರು ಕುದುರೆಯ ವೈದ್ಯವನ್ನು ಅಲಕ್ಷಿಸಿದ್ದರೆಂದು ಹೇಳುವಂತಿಲ್ಲ. ನಮ್ಮ ದೇಶದಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಒಂದು ಶಾಸ್ತ್ರಪರಂಪರೆಯೇ ಬೆಳೆಯಿತು; ನಕುಲನ ಹೆಸರಿನ ಗ್ರಂಥವೂ ಜಯದತ್ತನ ಅಶ್ವವೈದ್ಯಕವೂ ಆ ಪರಂಪರೆಗೆ ಸೇರಿದವು. ಕನ್ನಡದಲ್ಲಿ ಕೀರ್ತಿವರ್ಮನು 12ನೆಯ ಶತಮಾನದ ಆದಿಯಲ್ಲಿ ಗೋವೈದ್ಯವನ್ನೂ, ಅಭಿನವಚಂದ್ರನು ಸುಮಾರು 1400ರಲ್ಲಿ ಅಶ್ವವೈದ್ಯವನ್ನು ಕುರಿತ ಗ್ರಂಥವನ್ನೂ ರಚಿಸಿದರು. ರೋಮನರ ಕಡೆಯ ಕಾಲದಲ್ಲಿ ವೆಜೀಷಿಯಸನೂ, ಸುಮಾರು 1250ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕನ ಆಶ್ರಯದಲ್ಲಿದ್ದ ಜೋರ್ಡಾನಸ್ ರೂಫಸನೂ ಇದೇ ವಿಷಯವನ್ನು ಕುರಿತು ಬರೆದರು. ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ರಕ್ತ ತೆಗೆಯುವುದು, ಬರೆ ಹಾಕುವುದು ಈ ಪರಂಪರೆಗಳಲ್ಲೆಲ್ಲ ಮತ್ತೆ ಮತ್ತೆ ಬರುವ ಉಪಾಯಗಳು. ಇವು ನೋವನ್ನೂ ಊತವನ್ನೂ ಉದ್ದೇಶಿಸಿದವು. ತಪ್ಪಿದ ಮೂಳೆಯನ್ನು ಅದರ ಸ್ಥಾನಕ್ಕೆ ತರುವ ಶಕ್ತಿ ಇವುಗಳಿಗಿಲ್ಲ.

ಕೀಲು ತಪ್ಪುವುದರ ಕಲ್ಪನೆಯೇ ಭಾರತೀಯ ವೈದ್ಯರಿಗೆ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಸುಶ್ರುತನು ಭಗ್ನವನ್ನು ಕಾಂಡಭಗ್ನ, ಸಂಧಿಮುಕ್ತ ಎಂದು ಎರಡಾಗಿ ವಿಂಗಡಿಸಿ, ಸಂಧಿಮುಕ್ತದಲ್ಲಿ ಆರು ಭೇದಗಳನ್ನು ಹೇಳಿದ್ದಾನೆ. ತೊಡೆ, ಸೊಂಟಗಳ ಭಗ್ನದಲ್ಲಿ ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ, ಗೂಟಗಳಿಗೆ ಕಟ್ಟಿ ಅಲುಗದಂತೆ ಇರಿಸುವ ಕಪಾಟಶಯನವನ್ನು ವಿಧಿಸಿದ್ದಾನೆ. ಮನುಷ್ಯನ ಚಿಕಿತ್ಸೆಗೂ ಕುದುರೆಯ ಚಿಕಿತ್ಸೆಗೂ ಇರುವ ಮುಖ್ಯ ಭೇದವು ಇಲ್ಲಿಯೇ ಸ್ಪಷ್ಟವಾಗುತ್ತದೆ. ಮನುಷ್ಯನನ್ನು ವಾರಗಟ್ಟಲೆ ಮಲಗಿಸಬಹುದು. ಕುದುರೆಯನ್ನು ಹಾಗೆ ಮಲಗಿಸಿದರೆ ಅದರ ಭಾರವೇ ಅದರ ಮಾಂಸಖಂಡಗಳನ್ನೂ ಶ್ವಾಸಕೋಶಗಳನ್ನೂ ಒತ್ತಿ ಕೊಲ್ಲುತ್ತದೆ. ಅದು ನಿಂತೇ ಗುಣವಾಗಬೇಕು. ತಪ್ಪಿದ ಕೀಲಿನ ಮೇಲೆಯೇ ಅದರ ಹಿಂಭಾಗದ ಭಾರ ಬೀಳುತ್ತದೆ. ಎಲ್ಲ ಕಾಲದ ಅಶ್ವವೈದ್ಯರಿಗೂ ಎದುರಾದ ಮೂಲಭೂತ ತೊಡಕು ಇದೇ.

ಇನ್ನು ನಿರ್ಣಯದ ವಿಷಯ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜರ್ವೇಸ್ ಮಾರ್ಕಮನ ಅಶ್ವವೈದ್ಯ ಗ್ರಂಥಗಳು ಬಹಳ ಪ್ರಚಾರದಲ್ಲಿದ್ದವು. ಪೆಟ್ಟಿನಿಂದಲೋ ಜಾರಿ ಬಿದ್ದುದರಿಂದಲೋ ಸೊಂಟದ ಮೂಳೆ ತನ್ನ ಸ್ಥಾನವನ್ನು ಬಿಡುವುದನ್ನು ಆ ಕಾಲದ ಲಾಳಗಾರ ವೈದ್ಯರು ಒಂದು ಪ್ರತ್ಯೇಕ ರೋಗವೆಂದು ಗಣಿಸಿದ್ದರು. ಆ ಪಕ್ಕದ ಸೊಂಟವು ಇನ್ನೊಂದಕ್ಕಿಂತ ಕೆಳಗಿಳಿದಿರುವುದೇ ಅವರು ಹೇಳುವ ಲಕ್ಷಣ. ಇಂದಿನ ತಿಳಿವಳಿಕೆಯಿಂದ ನೋಡಿದರೆ ಈ ಲಕ್ಷಣವು ಕೀಲು ತಪ್ಪಿದುದರದಲ್ಲ. ಸೊಂಟದ ಹೊರಮೂಲೆಯ ಮೂಳೆ ಮುರಿದು ಕೆಳಕ್ಕೆ ಸರಿದುದರ ಲಕ್ಷಣ. ಬಾಗಿಲ ತೋಳಿಗೆ ತಾಗಿದಾಗಲೂ ಗಟ್ಟಿನೆಲದ ಮೇಲೆ ಪಕ್ಕಕ್ಕೆ ಬಿದ್ದಾಗಲೂ ಹೀಗಾಗುವುದುಂಟು. ಇಂಥ ಕುದುರೆ ಅನೇಕ ವೇಳೆ ವಿಶ್ರಾಂತಿಯಿಂದಲೇ ಚೇತರಿಸಿಕೊಂಡು ಕೆಲಸಕ್ಕೆ ಬರುತ್ತದೆ. ಎಂದ ಮೇಲೆ, ಹಳೆಯ ವೈದ್ಯರು ತಪ್ಪಿದ ಸೊಂಟವನ್ನು ಬರೆಯಿಂದಲೂ ಪಟ್ಟಿಯಿಂದಲೂ ಗುಣಪಡಿಸಿದೆವೆಂದು ಹೇಳಿಕೊಂಡುದರಲ್ಲಿ ವಂಚನೆಯಿತ್ತೆಂದು ಭಾವಿಸಬೇಕಾಗಿಲ್ಲ. ಅವರು ಗುಣಪಡಿಸಿದ್ದು ಬೇರೊಂದು ರೋಗವನ್ನು. ಹಳೆಯ ಗ್ರಂಥಗಳಲ್ಲಿ ರೋಗದ ಹೆಸರು ಕಂಡಕೂಡಲೆ ಅದನ್ನು ಇಂದಿನ ಹೆಸರಿನೊಂದಿಗೆ ಸಮೀಕರಿಸುವ ವಿದ್ಯಾರ್ಥಿಯು ಇಲ್ಲಿ ಎಚ್ಚರದಿಂದಿರಬೇಕು.

ನಿಜವಾದ ಸಂಧಿಚ್ಯುತಿಯ ಲಕ್ಷಣಗಳು ಬೇರೆ. ಗುಂಡು ಸಾಮಾನ್ಯವಾಗಿ ಮುಂದಕ್ಕೂ ಮೇಲಕ್ಕೂ ಸರಿಯುತ್ತದೆ. ಇದರಿಂದ ಕಾಲು ಗಿಡ್ಡವಾದಂತೆ ಕಾಣುತ್ತದೆ. ಮಂಡಿಯೂ ಗೊರಸಿನ ತುದಿಯೂ ಹೊರಕ್ಕೆ ತಿರುಗಿ, ಹಿಂಗಾಲಿನ ನಡುಗಿಣ್ಣು ಒಳಕ್ಕೆ ತಿರುಗುತ್ತದೆ. ತೊಡೆಮೂಳೆಯ ಹೊರಗುಬ್ಬು ಎದ್ದು ಕಾಣುತ್ತದೆ. ಮಂಡಿಯ ಚಿಪ್ಪು ಮೇಲಕ್ಕೆ ಸಿಕ್ಕಿಕೊಳ್ಳುವುದೂ ಇದರೊಂದಿಗೆ ಕಂಡುಬರಬಹುದು. ಆಗ ವೈದ್ಯನ ಗಮನವು ಮಂಡಿಯಲ್ಲಿಯೇ ನಿಂತು, ಸೊಂಟವನ್ನು ಮರೆಯುವ ಸಂಭವವುಂಟು. ತೊಡೆಮೂಳೆಯ ಕತ್ತು ಮುರಿದಾಗಲೂ, ಮರಿಗಳಲ್ಲಿ ಗುಂಡು ತನ್ನ ಬೆಳವಣಿಗೆಯ ರೇಖೆಯಲ್ಲಿ ಜಾರಿದಾಗಲೂ, ಇವೇ ಲಕ್ಷಣಗಳು ಹೆಚ್ಚು ಕಡಿಮೆಯಾಗಿ ತೋರುತ್ತವೆ. ದಪ್ಪನೆಯ ಮಾಂಸಖಂಡಗಳಡಿಯಲ್ಲಿ ಹುದುಗಿರುವ ಈ ಕೀಲನ್ನು ಕೈಯಿಂದ ಮುಟ್ಟಿ ತಿಳಿಯುವುದು ಕಷ್ಟ. ಗುದದ್ವಾರದ ಮೂಲಕ ಒಳಗಿನಿಂದ ಪರೀಕ್ಷಿಸುವ ಕ್ರಮವು ಕೆಲಮಟ್ಟಿಗೆ ನೆರವಾಗುತ್ತದೆ. ಆದರೂ ಜೀವಂತ ಕುದುರೆಯಲ್ಲಿ ಖಚಿತವಾದ ನಿರ್ಣಯವು ಬಹುಕಾಲ ಸಾಧ್ಯವಿರಲಿಲ್ಲ. ಸತ್ತ ಮೇಲೆ ಕೊಯ್ದು ನೋಡಿದಾಗಲೇ ನಿಜವು ತಿಳಿಯುತ್ತಿತ್ತು.

ಅಂಗರಚನೆಯ ಜ್ಞಾನವು ಈ ಕೊರತೆಯನ್ನು ಮೊದಲು ತುಂಬತೊಡಗಿತು. ಬೊಲೋನದ ಕಾರ್ಲೊ ರೂಯೀನಿಯ ಅಶ್ವಾಂಗರಚನೆಯು 1598ರಲ್ಲಿ ಪ್ರಕಟವಾಯಿತು. ಇಂಗ್ಲೆಂಡಿನ ಚಿತ್ರಕಾರ ಜಾರ್ಜ್ ಸ್ಟಬ್ಸನ ಗ್ರಂಥವು 1766ರಲ್ಲಿ ಹೊರಬಂದಿತು. ಕ್ಲೋದ್ ಬೂರ್ಜೆಲಾನ ಪ್ರಯತ್ನದಿಂದ ಲಿಯೋನ್ ನಗರದ ಪಶುವೈದ್ಯ ಶಾಲೆಯು 1762ರಲ್ಲಿ ಪಾಠಗಳನ್ನು ಆರಂಭಿಸಿತು. ಲಂಡನ್ನಿನ ಶಾಲೆ 1791ರಲ್ಲಿ ಸ್ಥಾಪಿತವಾಯಿತು. ಇಂಥ ಶಾಲೆಗಳಿಗೆ ಪ್ರಭುತ್ವಗಳ ಬೆಂಬಲ ದೊರೆತುದಕ್ಕೆ ದನದ ಮಾರಿಬೇನೆಗಳ ಭಯವೂ ಸೈನ್ಯದ ಕುದುರೆಗಳ ಚಿಂತೆಯೂ ಮುಖ್ಯ ಕಾರಣಗಳು. ಅಂದಿನಿಂದ ಕುದುರೆಯ ಕುಂಟುವಿಕೆಯನ್ನು ಶಾಸ್ತ್ರೀಯವಾಗಿ ವಿಂಗಡಿಸುವ ಕಾರ್ಯವು ನಡೆಯಿತು. ಹಿಂಗಾಲಿನ ಕುಂಟುಗಳಲ್ಲಿ ಬಹುಪಾಲು ಸೊಂಟದಿಂದ ಬಂದುವಲ್ಲ, ಕೆಳಗಿನ ಗಿಣ್ಣು, ಗೊರಸುಗಳಿಂದ ಬಂದುವು ಎಂಬ ಅರಿವು ಕ್ರಮೇಣ ಮೂಡಿತು.

1846ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರಿನ ಪ್ರಯೋಗ, 1847ರಲ್ಲಿ ಎಡಿನ್‌ಬರೋದಲ್ಲಿ ಸಿಂಪ್ಸನ್ನನ ಕ್ಲೋರೊಫಾರ್ಮ್ ಪ್ರಯೋಗ ನಡೆದವು. ಈಥರಿನ ಸುದ್ದಿಯನ್ನು ವೈದ್ಯಲೋಕಕ್ಕೆ ತಿಳಿಸಿದ ಹೆನ್ರಿ ಬಿಗೆಲೋ ಎಂಬ ಶಸ್ತ್ರವೈದ್ಯನೇ 1869ರಲ್ಲಿ ಮನುಷ್ಯನ ಸೊಂಟದ ಕೀಲು ತಪ್ಪುವ ಬಗೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಬರಿಯ ಎಳೆತದಿಂದ ಕೀಲು ಕೂರುವುದಿಲ್ಲ. ತೊಡೆಯನ್ನು ಮಡಿಸಿ, ಬಂಧಕಗಳನ್ನು ಸಡಿಲಿಸಿ, ತಿರುಗಿಸಿ ಕೂರಿಸಬೇಕೆಂಬುದು ಅವನು ಸ್ಥಾಪಿಸಿದ ತತ್ತ್ವ. 1895ರ ಕೊನೆಯಲ್ಲಿ ರೋಂಟ್‌ಗೆನ್ನನು ಕ್ಷ-ಕಿರಣವನ್ನು ಕಂಡುಹಿಡಿದನು. ಮರುವರ್ಷವೇ ಕುದುರೆಯ ಪಾದದ ಕ್ಷ-ಕಿರಣಚಿತ್ರಗಳು ತೆಗೆಯಲ್ಪಟ್ಟವು. 1919ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಪ್ರಾಣಿಗಳ ಕೆಲವು ಶಸ್ತ್ರಕ್ರಿಯೆಗಳಿಗೆ ಮೂರ್ಛೆಯ ಔಷಧವನ್ನು ಕಡ್ಡಾಯಗೊಳಿಸಿತು. ಜ್ಞಾನವೂ ಸಾಧನವೂ ಒಂದೊಂದಾಗಿ ಕೂಡಿಬಂದಿದ್ದವು. ಶೋಧನೆಗಳ ಅನುಕ್ರಮವೇ ಇತಿಹಾಸವಾಗಿದ್ದ ಪಕ್ಷದಲ್ಲಿ, 20ನೆಯ ಶತಮಾನದ ಆದಿಭಾಗದಲ್ಲಿಯೇ ಕುದುರೆಯ ಸೊಂಟದ ಶಸ್ತ್ರಚಿಕಿತ್ಸೆ ಬೆಳೆಯಬೇಕಾಗಿತ್ತು. ಆದರೆ ಹಾಗಾಗಲಿಲ್ಲ.

ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಆ ಕಾಲವು ಕುದುರೆಗಳು ಅತ್ಯಂತ ಹೆಚ್ಚಿನ ಸಂಖ್ಯೆಯಲ್ಲಿ ದುಡಿದ ಕಾಲ; ಅದೇ ಕಾರಣದಿಂದ ಒಂದೊಂದು ಕುದುರೆಯ ಪ್ರಾಣವು ಅಗ್ಗವಾಗಿದ್ದ ಕಾಲ. 1899ರಿಂದ 1902ರ ವರೆಗಿನ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ಸೈನ್ಯವು 3 ಲಕ್ಷಕ್ಕೂ ಹೆಚ್ಚು ಕುದುರೆಗಳನ್ನು ಕಳೆದುಕೊಂಡಿತು. 1914–18ರ ಮಹಾಯುದ್ಧದಲ್ಲಿ ಆ ಸೈನ್ಯದ ಸೇವೆಯಲ್ಲಿ ಸತ್ತ ಕುದುರೆ, ಹೇಸರಗತ್ತೆ ಮೊದಲಾದ ಪ್ರಾಣಿಗಳ ಸಂಖ್ಯೆ ಸುಮಾರು 4,84,000. ಬೋಯರ್ ಯುದ್ಧದ ಅನುಭವದಿಂದ 1903ರಲ್ಲಿ ರೂಪುಗೊಂಡ ಸೈನ್ಯದ ಪಶುವೈದ್ಯ ದಳವು ಮಹಾಯುದ್ಧದಲ್ಲಿ ದೊಡ್ಡ ಆಸ್ಪತ್ರೆಗಳನ್ನು ನಡೆಸಿ, ಲಕ್ಷಾಂತರ ಪ್ರಾಣಿಗಳನ್ನು ಮತ್ತೆ ಕೆಲಸಕ್ಕೆ ಕಳುಹಿಸಿತು. ಕಜ್ಜಿ, ಗಾಯ, ಬಳಲಿಕೆ, ಸಾಂಕ್ರಾಮಿಕ ರೋಗ ಇವೇ ಅದರ ಗಮನದ ವಿಷಯಗಳು. ಬೇಗ ಗುಣವಾಗಿ ಮರಳಿ ಭಾರ ಹೊರಬಲ್ಲ ಪ್ರಾಣಿಗೆ ಮಾತ್ರ ಆಸ್ಪತ್ರೆಯಲ್ಲಿ ಸ್ಥಳವಿತ್ತು. ತೊಡೆ ಮುರಿದ ಅಥವಾ ಸೊಂಟ ತಪ್ಪಿದ ಕುದುರೆಗೆ ಗುಂಡೇ ಚಿಕಿತ್ಸೆಯಾಗಿತ್ತು. ಆ ವೈದ್ಯರು ನಿರ್ದಯರಾಗಿದ್ದರೆಂದು ಇದರ ಅರ್ಥವಲ್ಲ. ನರಳಾಟವನ್ನು ಕೊನೆಗಾಣಿಸುವುದೇ ಅಲ್ಲಿ ಸಾಧ್ಯವಿದ್ದ ದಯೆ.

ಬೆಲೆಯೊಂದೇ ಎಲ್ಲವನ್ನೂ ನಿರ್ಧರಿಸಿತೆಂದರೂ ತಪ್ಪಾಗುತ್ತದೆ. ನಮ್ಮ ನಾಡಿನ ಇತಿಹಾಸದಲ್ಲಿಯೇ ಇದಕ್ಕೆ ನಿದರ್ಶನವಿದೆ. ವಿಜಯನಗರದ ಅರಸರಿಗೆ ಕುದುರೆಯೆಂದರೆ ಹೊನ್ನಿನಷ್ಟು ಬೆಲೆಯ ವಸ್ತು. ಅರಬ್ಬಿ ದೇಶದಿಂದಲೂ ಹೊರ್ಮುಜ್‌ನಿಂದಲೂ ಹಡಗಿನಲ್ಲಿ ತರುವಾಗ ದಾರಿಯಲ್ಲಿ ಸತ್ತ ಕುದುರೆಗೂ, ಬಾಲವನ್ನು ತಂದು ತೋರಿಸಿದರೆ, ಸಾಳುವ ನರಸಿಂಹನು ಹಣ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಅಷ್ಟು ಬೆಲೆಯ ಕುದುರೆಯನ್ನು ಉಳಿಸಿಕೊಳ್ಳುವ ಇಚ್ಛೆ ಇಲ್ಲದಿರುವುದು ಅಸಂಭವ. ಆದರೆ ಆಳವಾದ ಕೀಲನ್ನು ಕಾಣುವ, ನೋವಿಲ್ಲದೆ ತೆರೆಯುವ, ಕೀವಾಗದಂತೆ ಮುಚ್ಚುವ ಉಪಾಯವು ಅಂದು ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ಅಲ್ಲಿ ಬೆಲೆಯಿತ್ತು, ಉಪಾಯವಿರಲಿಲ್ಲ. ಮಹಾಯುದ್ಧದ ಕಾಲಕ್ಕೆ ಉಪಾಯದ ಬಹುಭಾಗ ಬಂದಿತ್ತು. ಒಂದೊಂದು ಪ್ರಾಣಿಗೆ ಆ ಬೆಲೆಯಿರಲಿಲ್ಲ. ಇವೆರಡೂ ಕೂಡಿದುದು ಕುದುರೆಯು ಯುದ್ಧಭೂಮಿಯನ್ನೂ ಹೊಲವನ್ನೂ ಬಿಟ್ಟು ಹೊರಟ ಮೇಲೆ, ಎಂದರೆ 1945ರ ಅನಂತರ.

ಪಶ್ಚಿಮ ದೇಶಗಳಲ್ಲಿ ಟ್ರಾಕ್ಟರೂ ಮೋಟಾರೂ ಕುದುರೆಯ ಕೆಲಸವನ್ನು ಕಸಿದುಕೊಂಡವು. ಉಳಿದ ಕುದುರೆಗಳು ಪಂದ್ಯದವು, ಸವಾರಿಯ ವಿನೋದದವು, ಅಥವಾ ಮನೆಯ ಮಕ್ಕಳ ಪ್ರೀತಿಯವು. ಸಂಖ್ಯೆ ಇಳಿದಂತೆ ಒಂದೊಂದರ ಬೆಲೆಯೂ ಅದರ ಮೇಲಿನ ಮಮತೆಯೂ ಏರಿದವು. ಅದೇ ಕಾಲದಲ್ಲಿ ಹೊಸ ಸಾಧನಗಳು ಬಂದವು. 1956ರಲ್ಲಿ ಮನುಷ್ಯರಲ್ಲಿ ಬಳಕೆಗೆ ಬಂದ ಹಾಲೊಥೇನ್ ಎಂಬ ಉಸಿರಿನ ಔಷಧವು ಕೆಲವೇ ವರ್ಷಗಳಲ್ಲಿ ಕುದುರೆಗಳ ಶಸ್ತ್ರಕ್ರಿಯೆಗೂ ದೊರೆಯಿತು. ಮೂಳೆಗಳನ್ನು ಲೋಹದ ಪಟ್ಟಿ, ತಿರುಪುಗಳಿಂದ ಬಿಗಿಯುವ ಶಾಸ್ತ್ರವನ್ನು ಬೆಳೆಸಲು 1958ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಎ.ಓ. ಎಂಬ ಸಂಘವು ಹುಟ್ಟಿತು. 1969ರಲ್ಲಿ ಅದಕ್ಕೆ ಪಶುವೈದ್ಯ ಶಾಖೆಯೂ ಸೇರಿತು. ದೊಡ್ಡ ಕ್ಷ-ಕಿರಣಯಂತ್ರಗಳಿಂದ, ಕುದುರೆಯನ್ನು ಮೂರ್ಛೆಗೊಳಿಸಿ ಬೆನ್ನ ಮೇಲೆ ಮಲಗಿಸಿ, ಸೊಂಟದ ಚಿತ್ರವನ್ನು ತೆಗೆಯುವುದು ಸಾಧ್ಯವಾಯಿತು. ಮುಂದೆ ಶ್ರವಣಾತೀತ ಧ್ವನಿಯ ಯಂತ್ರವು ಬಂದ ಮೇಲೆ ನಿಂತ ಕುದುರೆಯಲ್ಲಿಯೇ ಗುಂಡು ಬಟ್ಟಲನ್ನು ಬಿಟ್ಟಿರುವುದನ್ನು ಕಾಣಬಹುದಾಯಿತು. ಮೂರ್ಛೆಯಿಂದ ಏಳುವಾಗಿನ ಅಪಾಯವನ್ನು ಕೇವಲ ನಿರ್ಣಯಕ್ಕಾಗಿ ಎದುರಿಸಬೇಕಾಗಿಲ್ಲವೆಂಬುದು ಇದರ ದೊಡ್ಡ ಲಾಭ.

ಆದರೂ ಈ ರೋಗವು ಎಷ್ಟು ಅಪೂರ್ವವೆಂಬುದಕ್ಕೆ, 1992ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಸಾಕ್ಷಿ. 1975ರಿಂದ 1990ರ ವರೆಗಿನ ಅವಧಿಯಿಂದ ಅದರಲ್ಲಿ ಸಂಗ್ರಹಿಸಲಾದ ರೋಗಿಗಳು ಕೇವಲ 17.

ಚಿಕಿತ್ಸೆಯ ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಅಪಘಾತವಾದ ಕೂಡಲೆ ಕುದುರೆಯನ್ನು ಪೂರ್ಣ ಮೂರ್ಛೆಗೊಳಿಸಿ, ತೊಡೆಸಂದಿಗೆ ಹಗ್ಗ ಹಾಕಿ ದೇಹವನ್ನು ಹಿಡಿದು, ಕಾಲನ್ನು ರಾಟೆಯಿಂದ ಎಳೆದು ತಿರುಗಿಸಿ, ಕೀಲನ್ನು ಕೂರಿಸಲು ಯತ್ನಿಸುತ್ತಾರೆ. ದಿನಗಳು ಕಳೆದಂತೆ ಬಟ್ಟಲಿನಲ್ಲಿ ನಾರಿನಂಥ ಅಂಗಾಂಶವು ತುಂಬಿಕೊಂಡು, ಮಾಂಸಖಂಡಗಳು ಕುಗ್ಗಿ, ಕಾರ್ಯವು ಅಸಾಧ್ಯವಾಗುತ್ತದೆ. ಕೂತ ಕೀಲು ಮತ್ತೆ ತಪ್ಪುವುದು ಸಾಮಾನ್ಯವಾದುದರಿಂದ ಶಸ್ತ್ರಕ್ರಿಯೆಯು ಅವಶ್ಯವಾಯಿತು. ಇದರ ಮಾದರಿಗಳು ಬಂದುದು ನಾಯಿಯ ವೈದ್ಯದಿಂದಲೂ ಮನುಷ್ಯನ ವೈದ್ಯದಿಂದಲೂ. ಬಟ್ಟಲಿನ ತಳಕ್ಕೆ ರಂಧ್ರ ಕೊರೆದು, ಅಡ್ಡಗುಂಡಿಯಂಥ ಲೋಹದ ಕೀಲಕದಿಂದ ಹೊಸ ಬಂಧಕವನ್ನು ಕಟ್ಟುವ ವಿಧಾನವು ನಾಯಿಗಳಿಗಾಗಿ 1953ರಲ್ಲಿ ಅಮೆರಿಕದಲ್ಲಿ ಪ್ರಕಟವಾಗಿತ್ತು. ತಿರುಪುಗಳನ್ನು ನೆಟ್ಟು ಕೃತಕ ದಾರಗಳಿಂದ ಕೀಲಿನ ಕೋಶವನ್ನು ಬಲಪಡಿಸುವುದು, ತೊಡೆಮೂಳೆಯ ಹೊರಗುಬ್ಬನ್ನು ಕತ್ತರಿಸಿ ಬೇರೆ ಸ್ಥಾನದಲ್ಲಿ ಕೂರಿಸಿ ಮಾಂಸಖಂಡಗಳ ಎಳೆತವನ್ನು ಬದಲಿಸುವುದು, ಇವು ಇನ್ನೆರಡು ಮಾರ್ಗಗಳು. ಇವೆರಡನ್ನೂ ಕೂಡಿಸಿ ಒಂದು ತಟ್ಟುವಿಗೆ ಚಿಕಿತ್ಸೆ ನಡೆಸಿದ ವರದಿಯು 2011ರಲ್ಲಿ ಜ್ಯೂರಿಕ್‌ನಿಂದ ಪ್ರಕಟವಾಯಿತು. ಇವು ಯಾವುವೂ ಸಾಧ್ಯವಿಲ್ಲದಾಗ ತೊಡೆಮೂಳೆಯ ಗುಂಡನ್ನೇ ತೆಗೆದುಹಾಕಿ, ಅಲ್ಲಿ ನಾರಿನ ಹುಸಿಕೀಲು ಬೆಳೆಯಲು ಬಿಡುತ್ತಾರೆ. ಆಕ್ಸ್‌ಫರ್ಡಿನ ಗರ್ಡಲ್‌ಸ್ಟೋನ್ ಮನುಷ್ಯರಲ್ಲಿಯೂ, 1961ರ ವೇಳೆಗೆ ಸ್ಪ್ರೂಲ್ ನಾಯಿಗಳಲ್ಲಿಯೂ ವಿವರಿಸಿದ ಕ್ರಮವಿದು.

ಈ ಶಸ್ತ್ರಕ್ರಿಯೆಗಳಲ್ಲಿ ಯಶಸ್ಸು ದೊರೆತುದು ಬಹುಮಟ್ಟಿಗೆ ತಟ್ಟುಗಳಲ್ಲಿ, ಗಿಡ್ಡತಳಿಯ ಕುದುರೆಗಳಲ್ಲಿ, ಮರಿಗಳಲ್ಲಿ. ಸುಮಾರು 500 ಕಿಲೋ ಭಾರದ ಕುದುರೆಯು ಮೂರ್ಛೆಯಿಂದ ತಿಳಿದೆದ್ದು ಮೊದಲ ಹೆಜ್ಜೆಯಿಡುವ ಕ್ಷಣದಲ್ಲಿಯೇ ವೈದ್ಯನ ಕೆಲಸವೆಲ್ಲ ಹಾಳಾಗಬಹುದು. ಇದು ಸೊಂಟದ ಕೀಲಿಗೆ ಮಾತ್ರ ಸಂಬಂಧಿಸಿದ ಅಪಾಯವಲ್ಲ. 1975ರ ಜುಲೈ 6ರಂದು ನ್ಯೂಯಾರ್ಕಿನ ಬೆಲ್‌ಮಾಂಟ್ ಪಂದ್ಯದಲ್ಲಿ ಮುಂಗಾಲು ಮುರಿದುಕೊಂಡ ರಫಿಯನ್ ಎಂಬ ಪ್ರಸಿದ್ಧ ಹೆಣ್ಣು ಕುದುರೆಯು ಶಸ್ತ್ರಕ್ರಿಯೆಯ ಅನಂತರ ಎಚ್ಚರಗೊಳ್ಳುತ್ತ, ಓಡುವಂತೆ ಕಾಲುಗಳನ್ನು ಬಡಿದು, ಕಟ್ಟಿದ ಕಾಲನ್ನು ಮತ್ತೆ ಕೆಡಿಸಿಕೊಂಡಿತು. ಮರುದಿನ ಅದನ್ನು ಕೊಲ್ಲಬೇಕಾಯಿತು. ಕುದುರೆಯನ್ನು ನೀರಿನ ಕೊಳದಲ್ಲಿ ತೇಲಿಸಿ ಎಚ್ಚರಗೊಳಿಸುವ ವ್ಯವಸ್ಥೆಯು ಇಂಥ ಅಪಾಯವನ್ನು ತಪ್ಪಿಸಲೆಂದೇ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡಿತು. 2006ರಲ್ಲಿ ಹಿಂಗಾಲು ಮುರಿದ ಬಾರ್ಬರೊ ಎಂಬ ಪಂದ್ಯದ ಕುದುರೆಯು ಆ ಕೊಳದ ನೆರವಿನಿಂದ ಸುರಕ್ಷಿತವಾಗಿ ಎದ್ದಿತು. ಆದರೆ ಭಾರವನ್ನೆಲ್ಲ ಹೊತ್ತ ಇತರ ಕಾಲುಗಳ ಗೊರಸುಗಳಲ್ಲಿ ಉರಿಯೂತ ಹುಟ್ಟಿ, 2007ರ ಜನವರಿ 29ರಂದು ಅದನ್ನೂ ಕೊನೆಗಾಣಿಸಬೇಕಾಯಿತು. ಸುಶ್ರುತನ ಹಲಗೆಯ ಮೇಲೆ ಮಲಗಿಸಲಾಗದ ರೋಗಿಯ ತೊಡಕು ಇಂದಿಗೂ ಪೂರ್ಣವಾಗಿ ಪರಿಹಾರವಾಗಿಲ್ಲ. ಬೆಳೆದ ಕುದುರೆಯ ಸೊಂಟದ ಕೀಲು ತಪ್ಪಿದಾಗ, ನರಳಾಟವನ್ನು ನಿಲ್ಲಿಸುವುದೇ ಅನೇಕ ವೇಳೆ ಈಗಲೂ ಪ್ರಾಮಾಣಿಕವಾದ ಸಲಹೆ.

ಈ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ನಿರ್ಣಯಕ್ಕೆ ಬರಬಹುದು. ಸಾವಿರಾರು ವರ್ಷ ರಾಜ್ಯಗಳನ್ನು ಹೊತ್ತು ನಡೆದ ಯುದ್ಧಾಶ್ವಕ್ಕೆ ದೊರೆಯದ ಚಿಕಿತ್ಸೆಯು, ಯಾರ ಕೆಲಸಕ್ಕೂ ಬಾರದ ಪುಟ್ಟ ತಟ್ಟುವಿಗೆ ದೊರೆಯಿತು. ಗುಂಡು ತೆಗೆದ ಮೇಲೆ ಅಂಥ ತಟ್ಟು ಹುಲ್ಲುಗಾವಲಿನಲ್ಲಿ ನೋವಿಲ್ಲದೆ ನಡೆದಾಡಿಕೊಂಡಿದ್ದರೆ ಸಾಕು. ಭಾರ ಹೊರಬೇಕೆಂದು ಅದರ ಒಡೆಯನು ಬಯಸುವುದಿಲ್ಲ. ಇದರಲ್ಲಿ ಅದರ ದೇಹದ ಲಘುತ್ವವೂ ಕಾರಣ, ವಿಜ್ಞಾನದ ಪ್ರಗತಿಯೂ ಕಾರಣ. ಆದರೆ ಉಪಯೋಗದ ಅಳತೆಯಿಂದ ಪ್ರಾಣಿಯನ್ನು ಬಿಡಿಸಿದುದು ಇವೆರಡಕ್ಕಿಂತ ಕಡಮೆಯ ಕಾರಣವಲ್ಲ. ಯಾವ ಚಿಕಿತ್ಸೆಯ ಇತಿಹಾಸವನ್ನೇ ಬರೆಯಲಿ, ವೈದ್ಯನಿಗೆ ಏನು ತಿಳಿದಿತ್ತು, ಏನು ಸಾಧ್ಯವಿತ್ತು ಎಂಬ ಎರಡು ಪ್ರಶ್ನೆಗಳೊಂದಿಗೆ, ರೋಗಿಯು ಯಾರ ದೃಷ್ಟಿಯಲ್ಲಿ ಎಷ್ಟು ಬೆಲೆಯವನಾಗಿದ್ದನು ಎಂಬ ಮೂರನೆಯ ಪ್ರಶ್ನೆಯನ್ನೂ ನಮ್ಮ ವಿದ್ಯಾರ್ಥಿಗಳು ಕೇಳಬೇಕು. ಕುದುರೆಯ ವಿಷಯದಲ್ಲಿ ಅದಕ್ಕೆ ಉತ್ತರವು ಲೆಕ್ಕದ ಪುಸ್ತಕಗಳಲ್ಲಿಯೇ ಸಿಕ್ಕುತ್ತದೆ. ಮನುಷ್ಯರ ವಿಷಯದಲ್ಲಿ ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಆದುದರಿಂದಲೇ ಅಲ್ಲಿ ಅದನ್ನು ಹೆಚ್ಚಿನ ಶ್ರದ್ಧೆಯಿಂದ ಹುಡುಕಬೇಕಾಗಿದೆ.